ಗಂಗತ್ತೆಯ ಇಂಗ್ಲಿಷ್ ಕಾಯಿಲೆ

ಹಾರನಹಳ್ಳಿಯ ನಮ್ಮ ಮನೆಯಲ್ಲಿ ಅಟ್ಟದ ಏಣಿಯನ್ನು ಎಲ್ಲರೂ ಹತ್ತುತ್ತಿದ್ದರು. ಅಪ್ಪ ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದರು. ತಂಗಿ ಹೊಟ್ಟೆಯಲ್ಲಿದ್ದಾಗಲೂ ಅವ್ವ ಹತ್ತುವುದನ್ನು ಬಿಟ್ಟಿರಲಿಲ್ಲವಂತೆ. ನಾನೂ ತಂಗಿಯೂ ಮಂಡಿ ತರಚಿಕೊಂಡು ಹತ್ತುತ್ತಿದ್ದೆವು. ಬೆಕ್ಕಂತೂ ಅಲ್ಲೇ ಸಂಸಾರ ಹೂಡಿತ್ತು. ಹತ್ತಬಾರದು ಅನ್ನುವ ಕಟ್ಟು ಇದ್ದದ್ದು ಒಬ್ಬಳಿಗೆ ಮಾತ್ರ, ಅಪ್ಪನ ಅಕ್ಕ ಗಂಗತ್ತೆಗೆ. ಅವಳು ಏಣಿ ಹತ್ತುವ ಹಾಗಿರಲಿಲ್ಲ, ಒಬ್ಬಳೇ ಬಾವಿಯಿಂದ ನೀರು ಸೇದುವ ಹಾಗಿರಲಿಲ್ಲ, ಜೊತೆಗೆ ಇನ್ನೊಬ್ಬರಿಲ್ಲದೆ ಒಲೆಯ ಮುಂದೆ ಕೂರುವ ಹಾಗಿರಲಿಲ್ಲ. ಯಾಕೆ ಎಂದು ಕೇಳಿದರೆ ಅವ್ವ ದನಿ ತಗ್ಗಿಸುತ್ತಿದ್ದಳು.

“ಅವಳಿಗೆ ಒಂದು ಇಂಗ್ಲಿಷ್ ಕಾಯಿಲೆ ಐತೆ ಕಣೇ. ಜೋರಾಗಿ ಕೇಳ್ಬೇಡ.”

ಗಂಗತ್ತೆಯನ್ನು ಗೆಂಡೆಹಳ್ಳಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಮೂರನೇ ವರ್ಷಕ್ಕೆ ಗಂಡನ ಮನೆಯವರು ಅವಳನ್ನು ಹಿಂದಕ್ಕೆ ಕಳಿಸಿದರು. ಜೊತೆಗೆ ಒಂದು ಟ್ರಂಕು, ಒಂದು ಚೀಟಿ. ಚೀಟಿ ದೊಡ್ಡ ಊರಿನ ಯಾರೋ ಡಾಕ್ಟರು ಇಂಗ್ಲಿಷಿನಲ್ಲಿ ಬರೆದದ್ದು. ಇವಳಿಗೆ ಯಾವ ಹೊತ್ತಿನಲ್ಲಿ ಏನಾಗುತ್ತದೋ ಹೇಳುವುದಕ್ಕಾಗುವುದಿಲ್ಲ, ಎತ್ತರಕ್ಕೆ, ನೀರಿಗೆ, ಬೆಂಕಿಗೆ ಬಿಡಬೇಡಿ ಎಂದು ಅವರು ಹೇಳಿದ್ದನ್ನು, ಕರೆತರಲು ಹೋಗಿದ್ದ ಅಪ್ಪ ತಲೆ ತಗ್ಗಿಸಿ ಕೇಳಿಕೊಂಡು ಬಂದರು. ಆಗ ಅಪ್ಪನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಚೀಟಿಯಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ಗಂಗತ್ತೆ ನಮ್ಮ ಮನೆಗೆ ಬಂದ ಮೇಲೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಎಚ್ಚರ ತಪ್ಪಿ ಬೀಳಲಿಲ್ಲ, ಒಮ್ಮೆಯೂ ಹಾಸಿಗೆ ಹಿಡಿಯಲಿಲ್ಲ. ನಮಗೆಲ್ಲ ವರ್ಷಕ್ಕೆರಡು ಸಲ ಜ್ವರ ಬಂದರೆ ಕಷಾಯ ಕಾಸಿ ಕೊಡುತ್ತಿದ್ದವಳು ಅವಳೇ, ಒಲೆಯ ಹತ್ತಿರ ಇನ್ನೊಬ್ಬರನ್ನು ಕೂರಿಸಿಕೊಂಡು. ಆದರೂ ಕಟ್ಟು ಸಡಿಲವಾಗಲಿಲ್ಲ.

ನಮ್ಮದು ಕೊಬ್ಬರಿ ಮಾಡಿ ಮಾರುವ ಮನೆ. ಸುತ್ತಲ ತೋಟಗಳ ತೆಂಗಿನಕಾಯಿ ಕೊಂಡು ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡಿದರೆ ಕಾಯಿ ಹಾಳು, ಆದ್ದರಿಂದ ಅಲ್ಲಾಡಿಸಿ ಕೇಳಬೇಕು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ಸದ್ದೇ ಇಲ್ಲದಿದ್ದರೆ ತಿರುಳು ಚಿಪ್ಪನ್ನು ಹಿಡಿದುಕೊಂಡಿದೆ. ಲೊಟಲೊಟ ಎಂದರೆ ಆಯಿತು. ಈ ಕೆಲಸದಲ್ಲಿ ಗಂಗತ್ತೆಯ ಕಿವಿಯನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಏಣಿಯ ಬುಡದಲ್ಲಿ ಗೋಣಿ ಹಾಸಿಕೊಂಡು ಅವಳು ಕೂರುತ್ತಿದ್ದಳು. ನಾವು ಮೇಲಿನಿಂದ ಒಂದೊಂದೇ ಇಳಿಸಿಕೊಟ್ಟ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ಒಮ್ಮೆ ಅಲ್ಲಾಡಿಸಿ, ಎಡಕ್ಕೋ ಬಲಕ್ಕೋ ಉರುಳಿಸುತ್ತಿದ್ದಳು. ಆಗದ ಕಾಯಿಗಳನ್ನು ನಾವು ಮತ್ತೆ ಮೇಲಕ್ಕೆ ಹೊರಬೇಕಾಗಿತ್ತು. ಅವಳೇ ಅಟ್ಟ ಹತ್ತಿ ಕೂತಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು ಅನ್ನುವುದು ನಮಗೆಲ್ಲ ಗೊತ್ತಿತ್ತು. ಯಾರೂ ಹೇಳುತ್ತಿರಲಿಲ್ಲ.

ಈ ಕಟ್ಟುಗಳೆಲ್ಲ ಅವಳ ಮೇಲಿದ್ದರೆ, ನಮ್ಮ ಮೇಲೆ ಅವಳದೂ ಒಂದು ಕಟ್ಟು ಇತ್ತು. ಸಂಜೆ ಲಿಂಗಪೂಜೆ ಮುಗಿದು ಊಟಕ್ಕೆ ಕೂತಾಗ ಮಕ್ಕಳು ಒಬ್ಬೊಬ್ಬರೂ ಒಂದೊಂದು ವಚನ ಹೇಳಬೇಕು. ವಚನ ಹೇಳಿದರೆ ಸಾಲದು, ಅರ್ಥವನ್ನೂ ಹೇಳಬೇಕು, ಅದೂ ಸ್ವಂತ ಮಾತಿನಲ್ಲಿ. ಹೋದ ವಾರದ ಅರ್ಥವನ್ನೇ ಒಪ್ಪಿಸಿದರೆ ನಡೆಯುತ್ತಿರಲಿಲ್ಲ. ಅಲ್ಲಿಯವರೆಗೆ ಮುದ್ದೆ ಮುರಿಯುವಂತಿಲ್ಲ. ಎದುರಿಗೆ ಹುರುಳಿಕಾಳಿನ ಸಾರು ಘಮಘಮ ಎನ್ನುತ್ತಿರುವಾಗ ಅರ್ಥ ಹುಡುಕುವ ಕಷ್ಟ ನನಗೂ ತಂಗಿಗೂ ಮಾತ್ರ ಗೊತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದ ಗಂಗತ್ತೆಗೆ ವಚನಗಳ ಪುಸ್ತಕ ಪೂರ್ತಿ ಬರುತ್ತಿತ್ತು. ದೇವರ ಗೂಡಿನಲ್ಲಿದ್ದ ಆ ಪುಸ್ತಕದ ನಡುವೆಯೇ ಅವಳು ಡಾಕ್ಟರ ಚೀಟಿಯನ್ನೂ ಇಟ್ಟುಕೊಂಡಿದ್ದಳು. ಪ್ರತಿದಿನ ಅದನ್ನು ಸರಿಸಿ ಪುಟ ತೆರೆಯುತ್ತಿದ್ದಳು. ನಾನು ಅದನ್ನು ಬಹಳ ಕಾಲ ಪುಟದ ಗುರುತಿಗೆ ಇಟ್ಟ ಕಾಗದ ಅಂದುಕೊಂಡಿದ್ದೆ.

ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದ ನಾನು ಹಟ ಹಿಡಿದು ಅರಸೀಕೆರೆಯಲ್ಲಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡೆ. ಅಪ್ಪನಿಗೆ ಇಷ್ಟವಿರಲಿಲ್ಲ. ನನ್ನ ಹಟ ಎಂಥದ್ದು ಎಂದು ಗೊತ್ತಿದ್ದರಿಂದ ಸುಮ್ಮನಾದರು. ಕಾಲೇಜಿಗೆ ಹೋದ ಮೊದಲ ವಾರವೇ ನನ್ನ ಹಟ ನನ್ನನ್ನೇ ಅಣಕಿಸತೊಡಗಿತು. ದ್ಯುತಿಸಂಶ್ಲೇಷಣೆ, ಕಶೇರುಕ, ಸಂಧಿಪದಿ ಎಂದು ಕಲಿತಿದ್ದೆಲ್ಲ ಒಂದೇ ಸಲಕ್ಕೆ ಬೇರೆ ವೇಷ ಹಾಕಿಕೊಂಡು ಬಂದಿತ್ತು. ಬಸ್ಸಿನಲ್ಲಿ, ಹಿತ್ತಲಿನಲ್ಲಿ, ದನದ ಕೊಟ್ಟಿಗೆಯಲ್ಲಿ ಆ ಪದಗಳನ್ನು ಕೂಗಿ ಕೂಗಿ ಉರು ಹೊಡೆದೆ. ಸಂಜೆ ಬಂದದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಜೀವಶಾಸ್ತ್ರದ ಅಂಕ ಎರಡಂಕಿಯನ್ನೇ ಮುಟ್ಟಲಿಲ್ಲ. ಉತ್ತರಪತ್ರಿಕೆಗೆ ಅಪ್ಪ ಸಹಿ ಹಾಕಿದರು, ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿಯಾಯಿತು. ಆ ಸಂಜೆ ಊಟಕ್ಕೆ ಕೂತಾಗ ಗಂಗತ್ತೆ ನನ್ನ ಕಡೆ ತಿರುಗಿದಳು.

“ಇವತ್ತು ವಚನ ಬೇಡ ಪೂರ್ಣಿ. ಕೊಟ್ಟಿಗೇಲಿ ಏನೋ ಕೂಗ್ತಿದ್ಯಲ್ಲ, ಅದನ್ನೇ ಹೇಳು.”

“ಎಕೈನೊಡರ್ಮೇಟ.”

“ಅರ್ಥ?”

“ಅದಕ್ಕೆ ಅರ್ಥ ಇಲ್ಲ ಅತ್ತೆ. ಅದು ಬರೀ ಹೆಸರು.”

“ಹೆಸರಿಗೆ ಅರ್ಥ ಇಲ್ದೆ ಇರ್ತದಾ? ಇಟ್ಟವನಿಗೆ ಕೆಲಸ ಇರ್ಲಿಲ್ವಾ?”

“ಅಕ್ಕಯ್ಯ, ಅದು ಇಂಗ್ಲಿಷು,” ಎಂದರು ಅಪ್ಪ. “ನಮಗೆಲ್ಲಿ ಅರ್ಥ ಆಯ್ತದೆ. ಅರ್ಧ ವರ್ಷದ ಪರೀಕ್ಷೇಲೂ ಹಿಂಗೇ ಆದ್ರೆ ಆರ್ಟ್ಸಿಗೆ ಹಾಕ್ಸಿಬಿಡ್ತೀನಿ. ನಾನು ತೀರ್ಮಾನ ಮಾಡಾಯ್ತು.”

“ನೀನು ಸುಮ್ಕಿರೋ. ಅರ್ಥ ಗೊತ್ತಿಲ್ದ ಇಂಗ್ಲಿಷ್ ಪದ ಈ ಮನೇಲಿ ಒಂದಿದ್ದದ್ದೇ ಸಾಕು.”

ಅವಳು ಏರುದನಿಯಲ್ಲಿ ಹೇಳಲಿಲ್ಲ. ಆದರೆ ಅವ್ವ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು, ಅಪ್ಪ ತಟ್ಟೆಯ ಕಡೆ ನೋಡಿದರು. ಆ ಒಂದು ಪದ ಯಾವುದೆಂದು ನನಗೂ ಹೊಳೆಯಿತು. ನಾಳೆ ಅರ್ಥ ತಿಳಿದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟ ಮೇಲೆ ನನಗೆ ಮುದ್ದೆ ಸಿಕ್ಕಿತು. ಆಗಲೇ ತಣ್ಣಗಾಗಿತ್ತು.

ಮರುದಿನ ತರಗತಿಯಲ್ಲಿ ಎದ್ದು ನಿಂತು, ಮೇಡಂ, ಎಕೈನೊಡರ್ಮೇಟ ಅಂದರೆ ಅರ್ಥ ಏನು ಎಂದು ಕೇಳಿದೆ. ಹಿಂದಿನ ಬೆಂಚಿನವರು ನಕ್ಕರು. ಜೀವಶಾಸ್ತ್ರದ ಮೇಡಂ ನಗಲಿಲ್ಲ. ಪಾಠ ಮುಗಿದ ಮೇಲೆ ನನ್ನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಬೀರುವಿನ ಮೇಲಿದ್ದ ಭಾರಿ ನಿಘಂಟೊಂದನ್ನು ಇಳಿಸಿ ಧೂಳು ಕೊಡವಿದರು. ಪ್ರತಿ ಪದದ ಪಕ್ಕದಲ್ಲೂ ಅದು ಯಾವ ಹಳೆಯ ಗ್ರೀಕ್ ತುಂಡು, ಯಾವ ಲ್ಯಾಟಿನ್ ತುಂಡು ಸೇರಿ ಆದದ್ದು ಎಂದು ಬರೆದಿತ್ತು. ಎಕೈನೊ ಎಂದರೆ ಮುಳ್ಳು ಮುಳ್ಳಾದದ್ದು, ಡರ್ಮ ಎಂದರೆ ಚರ್ಮ. ನಾನು ಎರಡು ತಿಂಗಳು ಗೋಡೆಗೆ ತಲೆ ಚಚ್ಚಿಕೊಂಡದ್ದು ಮುಳ್ಳುಚರ್ಮದ ಪ್ರಾಣಿ ಎಂಬ ಇಷ್ಟು ಸಣ್ಣ ಮಾತಿಗೆ! ನನಗೆ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಇದನ್ನು ಮೊದಲೇ ಯಾಕೆ ಯಾರೂ ಹೇಳಲಿಲ್ಲ? ಪುಸ್ತಕ ಮನೆಗೆ ಕೊಡುವಂಥದ್ದಲ್ಲ, ಆದ್ದರಿಂದ ದಿನಾ ಬಸ್ಸಿಗೆ ಹೊರಡುವ ಮೊದಲು ಬಂದು ಬರೆದುಕೊ ಎಂದು ಮೇಡಂ ಅಪ್ಪಣೆ ಕೊಟ್ಟರು.

ತುಂಡುಗಳನ್ನು ಕೂಡಿಸಿ ಓದುವ ದಾರಿಯನ್ನು ತೋರಿಸಿಕೊಟ್ಟದ್ದು ಮಾತ್ರ ಮೇಡಂ ಅಲ್ಲ, ಇಂಗ್ಲಿಷಿನ ಒಂದು ಅಕ್ಷರವೂ ಬಾರದ ಗಂಗತ್ತೆ. ನಮ್ಮ ಕೊಬ್ಬರಿ ಚೀಲಗಳ ಮೇಲೆ ಕೆಮ್ಮಣ್ಣಿನಲ್ಲಿ ಎರಡು ಗುರುತು ಹಾಕುವ ಪದ್ಧತಿ ಅಜ್ಜನ ಕಾಲದಿಂದ ಇತ್ತು. ಹೊರುವವರಿಗೂ ತೂಗುವವರಿಗೂ ಓದಲು ಬಾರದ ಕಾಲದಲ್ಲಿ ಶುರುವಾದದ್ದು. ಚೀಲದ ಬಾಯಿಯ ಹತ್ತಿರದ ಗುರುತು ಯಾರ ತೋಟದ್ದು ಎಂದು ಹೇಳುತ್ತದೆ, ಸೂರ್ಯ, ಮೀನು, ಮೂರು ಗೆರೆ, ಹೀಗೆ. ತಳದ ಗುರುತು ಒಳಗಿನ ಮಾಲು ಹೇಗಿದೆ ಎಂದು ಹೇಳುತ್ತದೆ. ಪೂರ್ತಿ ಸುತ್ತು ಹಾಕಿದ್ದರೆ ಗಟ್ಟಿ ಉಂಡೆ, ಅರ್ಧ ಸುತ್ತಾದರೆ ಹೋಳು, ಅಡ್ಡ ಗೆರೆಯಾದರೆ ಕಮಟು ಹಿಡಿದ ಹಳೆಯ ಮಾಲು. ನಾನು ಗ್ಯಾಸ್ಟ್ರೈಟಿಸ್ ಎಂಬ ಪದವನ್ನು ಬಿಡಿಸಿ, ಮುಂದಿನದು ಹೊಟ್ಟೆ, ಹಿಂದಿನದು ಉರಿಯೂತ ಎಂದು ಹೇಳಿದಾಗ ಅವಳು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

“ಇದು ನಮ್ಮ ಚೀಲದ ಥರಾನೇ ಐತಲ್ಲೇ! ಮುಂದೆ ಯಾರದು ಅಂತ, ಹಿಂದೆ ಏನಾಗೈತೆ ಅಂತ. ಇಷ್ಟಕ್ಕೆ ಕೊಟ್ಟಿಗೇಲಿ ಕೂಗಿ ದನ ಬೆದರಿಸ್ತಿದ್ಯಾ?”

ಅಂದಿನಿಂದ ಏಣಿಯ ಬುಡದ ಸುಣ್ಣದ ಗೋಡೆ ನಮ್ಮ ನಿಘಂಟಾಯಿತು. ಎಡಗಡೆ ಯಾರದು, ಬಲಗಡೆ ಏನಾಗಿದೆ. ನಾನು ಪದದ ತುಂಡನ್ನು ಇಂಗ್ಲಿಷಿನಲ್ಲಿ ಬರೆದು ಅರ್ಥ ಹೇಳಿದರೆ ಗಂಗತ್ತೆ ಯೋಚಿಸಿ ಇದ್ದಲಿನಲ್ಲಿ ಅದರ ಗುರುತು ಬರೆಯುತ್ತಿದ್ದಳು. ಹೊಟ್ಟೆಗೆ ಗಡಿಗೆ. ಮೂತ್ರಪಿಂಡಕ್ಕೆ ಎರಡು ಅವರೆಕಾಳು. ಕೀಲಿಗೆ ಕಬ್ಬಿನ ಗಿಣ್ಣು. ಬಲಗಡೆಯಲ್ಲಿ ಉರಿಯೂತಕ್ಕೆ ಬೆಂಕಿ, ನೋವಿಗೆ ಕಣ್ಣು ಮುಚ್ಚಿದ ಮುಖ, ಕತ್ತರಿಸಿ ತೆಗೆಯುವುದಕ್ಕೆ ಕುಡುಗೋಲು, ಬರೀ ಕಾಯಿಲೆಗೆ ಮಲಗಿದ ಒಂದು ಗೆರೆ. ಗರ್ಭಕೋಶದ ತುಂಡಾದ ಹಿಸ್ಟರ್ ಬಂದ ದಿನ ಅವಳ ಕೈ ಗೋಡೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತೊಟ್ಟಿಲು ಬರೆದಳು. ಮನೆಯವರಿಗೆಲ್ಲ ಇದರ ಹುಚ್ಚು ಹತ್ತಿತು. ಅವ್ವ ಮಂಡಿ ನೀವಿಕೊಳ್ಳುತ್ತ, ನನಗೆ ಗಿಣ್ಣಿನ ಪಕ್ಕ ಮುಚ್ಚಿದ ಕಣ್ಣು ಕಣೇ ಎನ್ನುತ್ತಿದ್ದಳು. ಅಪ್ಪ ಹುಳಿತೇಗು ಬಂತು ಎಂದರೆ ಸಾಕು, ಗಂಗತ್ತೆ ಗಡಿಗೆಯನ್ನೂ ಬೆಂಕಿಯನ್ನೂ ತೋರಿಸಿ ಅವರ ತಟ್ಟೆಯಿಂದ ಹಸಿಮೆಣಸಿನಕಾಯಿ ಚಟ್ನಿಯನ್ನು ಎತ್ತಿಬಿಡುತ್ತಿದ್ದಳು. ಇವತ್ತು ಹಾಸನದಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ನಾನು ಮೊದಲ ದಿನ ಕಲಿಸುವುದು ಇದನ್ನೇ. ಕಪ್ಪು ಹಲಗೆಯ ಮೇಲೆ ಒಂದು ಚೀಲ ಬರೆದು ಎರಡು ಗುರುತು ಹಾಕುತ್ತೇನೆ. ಹಳ್ಳಿಯಿಂದ ಬಂದು ಇಂಗ್ಲಿಷಿಗೆ ಹೆದರಿ ಮೂಲೆಯಲ್ಲಿ ಕೂತವರ ಮುಖ ಸಡಿಲವಾಗುವುದನ್ನು ನೋಡುವುದು ನನಗೆ ಈಗಲೂ ಬೇಸರ ತಂದಿಲ್ಲ.

ಅರ್ಧ ವರ್ಷದ ಪರೀಕ್ಷೆಯಲ್ಲಿ ಜೀವಶಾಸ್ತ್ರದಲ್ಲಿ ತರಗತಿಗೇ ನಾನು ಎರಡನೆಯವಳಾದೆ. ಅಪ್ಪ ಈ ಸಲವೂ ಮಾತಾಡದೆ ಸಹಿ ಹಾಕಿದರು, ಆದರೆ ಸಂಜೆ ಅರಸೀಕೆರೆಯಿಂದ ಮೈಸೂರುಪಾಕಿನ ಪೊಟ್ಟಣ ಬಂತು. ಆರ್ಟ್ಸಿನ ಮಾತು ಮತ್ತೆ ಬರಲಿಲ್ಲ. ನಾನು ನೆಲದ ಮೇಲೆ ಕಾಲಿಡುತ್ತಿರಲಿಲ್ಲ. ಯಾವ ಪದ ಕಂಡರೂ ಬಿಡಿಸಿ ಬಿಸಾಡುತ್ತೇನೆ ಎಂಬ ಹಮ್ಮು. ಅದನ್ನು ನೋಡುತ್ತಿದ್ದ ಗಂಗತ್ತೆ ಒಂದು ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ, ವಚನದ ಪುಸ್ತಕದಿಂದ ಆ ಚೀಟಿಯನ್ನು ತೆಗೆದುಕೊಂಡು ಏಣಿಯ ಬುಡಕ್ಕೆ ಬಂದಳು. ಅಪ್ಪ ಪಡಸಾಲೆಯಲ್ಲಿ ಚೀಲ ಹೊಲಿಯುತ್ತಿದ್ದರು, ಅವ್ವ ಅಕ್ಕಿ ಆರಿಸುತ್ತಿದ್ದಳು.

“ಊರಿಗೆಲ್ಲ ಅರ್ಥ ಹೇಳ್ತೀಯ. ನನಗೊಂದು ಹೇಳು.”

ಮಡಿಸಿದ ಕಡೆ ಹರಿಯುವಷ್ಟು ಹಳೆಯ ಕಾಗದ. ನೀಲಿ ಶಾಯಿಯ ಮೂರು ಸಾಲು ಮಾಸಿಹೋಗಿದ್ದವು. ಕೊನೆಯಲ್ಲಿ ಒಂದೇ ಒಂದು ಪದ ಉಳಿದಿತ್ತು, ಅದರ ಕೆಳಗೆ ಎರಡು ಗೆರೆ. ಹಿಸ್ಟೀರಿಯ. ಈಗ ಎಲ್ಲರ ಬಾಯಲ್ಲೂ ಬರುವ ಪದ, ನಾನು ಆವತ್ತಿನವರೆಗೆ ಕೇಳಿಯೇ ಇರಲಿಲ್ಲ. ಕೇಳಿರದಿದ್ದರೇನು, ಹಿಸ್ಟರ್, ಇಯ, ಎರಡು ತುಂಡೂ ನಮ್ಮ ಗೋಡೆಯ ಮೇಲೇ ಇದ್ದವು. ಒಂದು ಕ್ಷಣವೂ ಯೋಚಿಸದೆ ಎಡಗಡೆಯ ತೊಟ್ಟಿಲಿನ ಮೇಲೂ ಬಲಗಡೆಯ ಮಲಗಿದ ಗೆರೆಯ ಮೇಲೂ ಬೆರಳಿಟ್ಟೆ.

“ಗರ್ಭಕೋಶದ ಕಾಯಿಲೆ ಅತ್ತೆ. ನಿನ್ನ ಗರ್ಭಕೋಶ ಸರಿ ಇಲ್ಲ ಅಂತ ಬರೆದಿದ್ದಾರೆ.”

ಹೆಮ್ಮೆಯಿಂದಲೇ ಹೇಳಿದೆ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನನಗೆ ನಾಚಿಕೆಯಾಗುತ್ತದೆ. ಅಪ್ಪ ದಬ್ಬಳ ಕೆಳಗಿಟ್ಟರು.

“ಹಂಗಾದ್ರೆ ಮಗು ಹೋಗಿದ್ದು ಅದರಿಂದ್ಲೇ ಇರ್ಬೇಕು. ಅವರು ಹೇಳಿದ್ರಲ್ಲಿ ಸುಳ್ಳೇನಿರ್ಲಿಲ್ಲ.”

ಗಂಗತ್ತೆಗೆ ಒಂದು ಮಗುವಾಗಿತ್ತು ಎಂಬುದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಅಪ್ಪನ ದನಿಯಲ್ಲಿ ಇದ್ದದ್ದು ಕೆಟ್ಟತನವಲ್ಲ. ಅಕ್ಕನನ್ನು ವಾಪಸು ಕಳಿಸಿದಾಗ ಎದುರು ಮಾತಾಡದೆ ಬಂದುಬಿಟ್ಟೆನಲ್ಲ ಎಂದು ಇಪ್ಪತ್ತು ವರ್ಷ ಒಳಗೊಳಗೇ ಕೊರಗಿದ ಮನುಷ್ಯನಿಗೆ, ಎದುರಾಡುವಂಥದ್ದೇನೂ ಇರಲಿಲ್ಲ ಎಂದು ತಿಳಿದಾಗ ಆಗುವ ಹಗುರ ಅದು. ಗಂಗತ್ತೆ ನನ್ನ ಕೈಯಿಂದ ಚೀಟಿ ಇಸಿದುಕೊಂಡಳು, ಮಡಿಸಿದಳು, ಒಳಗೆ ಹೋದಳು. ಆ ಸಂಜೆ ಊಟಕ್ಕೆ ಕೂತಾಗ ನಾನೂ ತಂಗಿಯೂ ಅವಳ ಮುಖ ನೋಡುತ್ತ ಕಾದೆವು. ಅವಳು ಅರ್ಥ ಕೇಳಲಿಲ್ಲ. ಉಣ್ಣಿ ಎಂದಳು. ನಮ್ಮ ಮನೆಯಲ್ಲಿ ಮಕ್ಕಳು ವಚನ ಹೇಳದೆ ಉಂಡದ್ದು ಅದೇ ಮೊದಲು. ಮರುದಿನವೂ ಹಾಗೇ ಆಯಿತು. ಏಣಿಯ ಬುಡದಲ್ಲಿ ಕೂತು ಕಾಯಿ ಅಲ್ಲಾಡಿಸುತ್ತಿದ್ದಳು, ಆದರೆ ಒಳ್ಳೆಯದನ್ನು ಕೆಟ್ಟದ್ದರ ರಾಶಿಗೆ ಉರುಳಿಸುತ್ತಿದ್ದಳು. ಅವ್ವ ಸದ್ದಿಲ್ಲದೆ ಅವನ್ನು ಹೆಕ್ಕಿ ಈ ಕಡೆಗೆ ಹಾಕುತ್ತಿದ್ದಳು. ಇದು ನಾನು ಮಾಡಿದ್ದು. ಇದನ್ನು ನಾನೇ ಸರಿ ಮಾಡಬೇಕು ಎಂದು ಹಲ್ಲು ಕಚ್ಚಿಕೊಂಡು ಮೂರನೆಯ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ.

ಮೇಡಂ ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಗಳನ್ನು ಒರೆಸುತ್ತಿದ್ದರು. ನಾನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಹಿಸ್ಟೀರಿಯದ ಮಾತೇ ಎತ್ತದೆ ಬೇರೆ ಪ್ರಶ್ನೆ ಕೇಳಿದರು.

“ಮಲೇರಿಯ ಯಾವುದರಿಂದ ಬರುತ್ತೆ?”

“ಸೊಳ್ಳೆಯಿಂದ ಮೇಡಂ.”

“ಆ ಪದಾನ ಬಿಡಿಸಿದರೆ ಏನು ಬರುತ್ತೆ ಗೊತ್ತಾ? ಮಲ ಅಂದರೆ ಹೆಸರಿಟ್ಟವರ ಭಾಷೇಲಿ ಕೆಟ್ಟ, ಏರಿಯ ಅಂದರೆ ಗಾಳಿ. ಕೆಟ್ಟ ಗಾಳಿ. ಹೆಸರಿಟ್ಟ ಕಾಲದಲ್ಲಿ ಸೊಳ್ಳೆಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಜವುಗು ಜಾಗದ ಗಾಳಿಯಿಂದ ಬರುತ್ತೆ ಅಂದುಕೊಂಡಿದ್ದರು. ಆಮೇಲೆ ಸತ್ಯ ಗೊತ್ತಾಯಿತು, ಹೆಸರು ಹಾಗೇ ಉಳಿಯಿತು. ಪದ ಬಿಡಿಸಿದರೆ ಇಟ್ಟವನು ಏನು ನಂಬಿದ್ದ ಅನ್ನೋದು ಗೊತ್ತಾಗುತ್ತೆ ಪೂರ್ಣಿಮಾ. ಅವನು ನಂಬಿದ್ದು ನಿಜವೋ ಅಲ್ಲವೋ ಅನ್ನೋದನ್ನ ಬೇರೆ ನೋಡಬೇಕು.”

“ಹಾಗಾದರೆ ಹಿಸ್ಟೀರಿಯ?”

“ಹೆಂಗಸರ ಗರ್ಭಕೋಶ ತನ್ನ ಜಾಗ ಬಿಟ್ಟು ಮೈಯೊಳಗೆಲ್ಲ ಓಡಾಡುತ್ತೆ ಅಂತ ಸಾವಿರಾರು ವರ್ಷ ಹಿಂದೆ ಜನ ನಂಬಿದ್ದರು. ಹೆಂಗಸು ಅತ್ತರೆ, ಕೂಗಾಡಿದರೆ, ಎಚ್ಚರ ತಪ್ಪಿದರೆ ಅದೇ ಕಾರಣ ಅಂತ. ಅದು ಎಲ್ಲೂ ಓಡಾಡಲ್ಲ, ಇದ್ದ ಜಾಗದಲ್ಲೇ ಇರುತ್ತೆ. ಆ ಪದದಿಂದ ನಿಮ್ಮ ಅತ್ತೆಯ ಗರ್ಭಕೋಶ ಹೇಗಿತ್ತು ಅಂತ ಯಾರಿಗೂ ಏನೂ ಗೊತ್ತಾಗಲ್ಲ. ಆವತ್ತು ಏನಾಯಿತು ಅಂತ ಅವರನ್ನ ಯಾರಾದರೂ ಕೇಳಿದ್ದಾರಾ?”

ನಾನು ತಲೆಯಾಡಿಸಿದೆ. ಇಲ್ಲ, ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮನೆಗೆ ಬಂದೆ. ಗಂಗತ್ತೆ ಗೋಣಿಯ ಮೇಲೆ ಕೂತಿದ್ದಳು. ಅವಳ ಎದುರಿಗೆ ಕೂತು, ಮೊದಲು ನನ್ನದು ತಪ್ಪಾಯಿತು ಎಂದೆ. ಆಮೇಲೆ ಸೊಳ್ಳೆಯ ಕತೆ, ಕೆಟ್ಟ ಗಾಳಿಯ ಕತೆ, ಓಡಾಡುವ ಗರ್ಭಕೋಶದ ಕತೆ ಎಲ್ಲ ಹೇಳಿದೆ. ಅವಳು ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೇಳಿದಳು.

“ಅಂದ್ರೆ ಅವನು ಒಳಗೆ ನೋಡಿ ಬರೆದಿದ್ದಲ್ಲ.”

“ಅಲ್ಲ ಅತ್ತೆ. ಯಾವುದೋ ಹಳೇ ಕಾಲದ ಗುರುತು ಹಾಕಿ ಕಳಿಸಿದ್ದಾರೆ.”

“ಗುರುತು ತಪ್ಪಿದ ಚೀಲ,” ಎಂದಳು ಗಂಗತ್ತೆ.

ನಮ್ಮ ಕಸುಬಿನಲ್ಲಿ ಅದಕ್ಕೊಂದು ಕ್ರಮವಿದೆ. ಗುರುತಿನ ಮೇಲೆ ಅನುಮಾನ ಬಂದರೆ ವಾದ ಮಾಡುವಂತಿಲ್ಲ. ಚೀಲವನ್ನು ಪಡಸಾಲೆಯ ನಡುವೆ ತಂದು, ಹೊಲಿಗೆ ಬಿಚ್ಚಿ, ಎಲ್ಲವನ್ನೂ ಸುರಿಯಬೇಕು. ಮನೆಯವರೆಲ್ಲ ಸುತ್ತ ಕೂತು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಕೊನೆಯ ಕೊಬ್ಬರಿ ನೋಡುವವರೆಗೆ ಯಾರೂ ಏಳಬಾರದು. ಗಂಗತ್ತೆ ಎದ್ದು ಪಡಸಾಲೆಯ ನಡುವೆ ಹೋಗಿ ಕೂತಳು. ಚೀಟಿಯನ್ನು ಮುಂದಿಟ್ಟುಕೊಂಡಳು.

“ತಮ್ಮಯ್ಯ, ಬಾ ಇಲ್ಲಿ. ನಿನ್ನ ಹೆಂಡ್ತೀನೂ ಕರಿ. ಚೀಲ ಬಿಚ್ಚೋದೈತೆ.”

ಅಪ್ಪ ಚೀಲ ಎಲ್ಲಿದೆ ಎಂದು ಸುತ್ತ ನೋಡಿದರು. 'ಕೂತ್ಕೋ' ಎಂದಳು. ಎಲ್ಲರೂ ಕೂತೆವು. ಗಂಗತ್ತೆ ತನಗೆ ಹುಟ್ಟಿದ ಗಂಡುಮಗುವಿನ ಬಗ್ಗೆ ಹೇಳಿದಳು. ಅದು ಒಂಬತ್ತು ದಿನ ಬದುಕಿತ್ತು, ತಲೆ ತುಂಬ ಕೂದಲಿತ್ತು. ಹತ್ತನೇ ದಿನ ಬೆಳಿಗ್ಗೆ ಹಾಲು ಕುಡಿಯಲಿಲ್ಲ. ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹೋದ ಮೇಲೆ ಎಲ್ಲಿ ಮಣ್ಣು ಮಾಡಿದರೆಂದು ತೋರಿಸಲಿಲ್ಲ. ಹೆಂಗಸರು ಅಲ್ಲಿಗೆ ಬರಬಾರದು ಎಂದರು. ಅವಳು ಅತ್ತಳು. ನಿಲ್ಲಿಸು ಎಂದರೆ ನಿಲ್ಲಿಸಲಾಗಲಿಲ್ಲ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಉಣ್ಣದೆ ಎರಡು ಸಲ ನೀರೊಲೆಯ ಹತ್ತಿರ ತಲೆ ಸುತ್ತಿ ಬಿದ್ದಳು. ಹಾಲು ಕಟ್ಟಿಕೊಂಡು ಎದೆ ಕಲ್ಲಾಗಿತ್ತು, ಅದನ್ನು ಯಾರಿಗೂ ಹೇಳಲಾಗಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಮಾತಾಡಿದ್ದೆಲ್ಲ ಅವಳ ಗಂಡನ ತಾಯಿ. ಡಾಕ್ಟರು ಅವಳ ಮುಖವನ್ನೂ ಸರಿಯಾಗಿ ನೋಡದೆ ಬರೆದುಕೊಟ್ಟರು.

“ಅಷ್ಟೇ ಕಣೋ ಚೀಲದಲ್ಲಿದ್ದದ್ದು,” ಎಂದಳು. “ಮಗು ಹೋಗಿತ್ತು, ಅದಕ್ಕೆ ನಾನು ಅತ್ತೆ. ಅದಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ ನನಗೆ ಬೇಡ.”

ಅಪ್ಪ ತಲೆ ಎತ್ತಲಿಲ್ಲ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ನಾನು ಆವತ್ತೇ ಕೇಳ್ಬೇಕಾಗಿತ್ತು ಅಕ್ಕಯ್ಯ.”

“ಹೂಂ ಕಣೋ. ಕೇಳ್ಬೇಕಾಗಿತ್ತು.”

ಪರವಾಗಿಲ್ಲ ಬಿಡು ಎಂದು ಅವಳು ಹೇಳಲಿಲ್ಲ. ಹಾಗೆ ಹೇಳದೆ ಇದ್ದದ್ದಕ್ಕೆ ನಾನು ಅವಳನ್ನು ಇನ್ನಷ್ಟು ಗೌರವಿಸುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಣ್ಣಿನ ಕುಡಿಕೆ ತರಿಸಿಕೊಂಡು, ಎರಡು ಗೆರೆ ಎಳೆದಿದ್ದ ಆ ಪದದ ಮೇಲೆ ಹೆಬ್ಬೆಟ್ಟು ಅದ್ದಿ ಉಜ್ಜಿದಳು. ತಪ್ಪು ಗುರುತನ್ನು ನಮ್ಮ ಮನೆಯಲ್ಲಿ ಅಳಿಸುತ್ತಿದ್ದದ್ದೇ ಹಾಗೆ. ಅಳಿಸಿದ ಮೇಲೆ ಹೊಸ ಗುರುತು ಹಾಕುವುದು ವಾಡಿಕೆ. ಏನು ಹಾಕಲಿ ಅತ್ತೆ ಎಂದು ಕೇಳಿದೆ.

“ಏನೂ ಬೇಡ. ಬಿಚ್ಚಿದ ಚೀಲ, ಹಂಗೇ ಇರ್ಲಿ.”

ಎದ್ದು ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಏಣಿಯ ಹತ್ತಿರ ಹೋಗಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಇಪ್ಪತ್ತು ವರ್ಷದ ಅಭ್ಯಾಸ, ಅಪ್ಪ ಗಾಬರಿಯಿಂದ ಓಡಿಹೋಗಿ ಅವಳ ತೋಳು ಹಿಡಿದುಕೊಂಡರು.

“ಹಿಡ್ಕೊಳೋದಾದ್ರೆ ಏಣಿ ಹಿಡ್ಕೊಳೋ. ನನ್ನನ್ನಲ್ಲ.”

ಅಪ್ಪ ಎರಡೂ ಕೈಯಲ್ಲಿ ಏಣಿ ಹಿಡಿದು ನಿಂತರು. ಗಂಗತ್ತೆ ನಿಧಾನವಾಗಿ ಹತ್ತಿದಳು, ಪ್ರತಿ ಮೆಟ್ಟಿಲಿನಲ್ಲೂ ಎರಡು ಪಾದ ಊರಿ. ನಾಲ್ಕನೆಯದರಲ್ಲಿ ಉಸಿರು ಬಿಟ್ಟಳು, ಕೆಳಗೆ ನೋಡಲಿಲ್ಲ. ತಲೆ ಕಾಣದಾಯಿತು, ಸೊಂಟ ಕಾಣದಾಯಿತು, ಕೊನೆಗೆ ಕಾಲ್ಬೆರಳಿನ ಉಂಗುರಗಳೂ ಕಾಣದಾದವು. ಬೆಕ್ಕು ಹೆದರಿ ಕೆಳಗೆ ಹಾರಿತು. ಮೇಲೆ ಕಾಯಿಗಳ ನಡುವೆ ಅವಳು ಸರಿಯುವ ಸದ್ದು, ಆಮೇಲೆ ಏನೂ ಇಲ್ಲ. ನಾವು ನಾಲ್ವರೂ ಕತ್ತೆತ್ತಿ ನಿಂತಿದ್ದೆವು. ಆಗ ಮೇಲಿನಿಂದ ಲೊಟಲೊಟ ಎಂದು ಒಂದು ಕಾಯಿ ಅಲ್ಲಾಡಿತು, ಇನ್ನೊಂದು ಅಲ್ಲಾಡಿತು, ಅದರ ಹಿಂದೆಯೇ ನಮ್ಮೆಲ್ಲರ ಮೇಲೂ ಬೈಗುಳ ಸುರಿಯಿತು.

“ಥೂ ನಿಮ್ಮ! ಹಿಂದಿನ ಮೂಲೇಲಿ ಕಾಯಿ ಆಗಿ ಯಾವ ಕಾಲ ಆಯ್ತೋ, ಇಲಿ ತಿಂತಾ ಐತೆ. ಇಷ್ಟು ವರ್ಷ ಇಲ್ಲಿ ಹತ್ತಿ ಏನು ನೋಡ್ತಿದ್ರೀ ನೀವೆಲ್ಲ? ಲೇ ಪೂರ್ಣಿ, ಗೋಣಿ ಎಸಿ. ಹಂಗೇ ಆ ಸೊಳ್ಳೆ ಪದ ನೆನಪಿಟ್ಕೋ. ಸಂಜೆ ಊಟಕ್ಕೆ ಮುಂಚೆ ಅದರ ಅರ್ಥ ಕೇಳ್ತೀನಿ.”